ಅಪ್‌ಡೇಟ್: ಹಾಸ್ಟೆಲ್ ವೈಫೈ ಕೊನೆಗೂ ಕನೆಕ್ಟ್ ಆಯ್ತು
ಲ್ಯಾಪ್‌ಟಾಪ್‌ಗೆ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದ ಮೇಲೆ ಹಾಸ್ಟೆಲ್ ವೈಫೈ ಪದೇ ಪದೇ ಪಾಸ್‌ವರ್ಡ್ ಕೇಳುತ್ತೆ, ಫೋನಲ್ಲಿ ಮಾತ್ರ ಅದೇ ಪಾಸ್‌ವರ್ಡ್ ನಡೆಯುತ್ತೆ ಅಂತ ಕೇಳಿದ್ದೆನಲ್ಲ, ಬಗೆಹರಿಯಿತು. ಪಾಸ್‌ವರ್ಡ್ ತಪ್ಪೇ ಇರಲಿಲ್ಲ. ಸುಮ್ನೆ ಎರಡು ಸಲ ಬದಲಾಯಿಸಿಕೊಂಡು ಬಂದಿದ್ದೆ!

ನೀವು ಹೇಳಿದ ಹಾಗೆ ಡಬ್ಲ್ಯುಪಿಎ ಸಪ್ಲಿಕಂಟ್‌ನ (ಲ್ಯಾಪ್‌ಟಾಪ್ ಕಡೆಯಿಂದ ವೈಫೈಗೆ ಲಾಗಿನ್ ಮಾಡಿಸುವ ಪ್ರೋಗ್ರಾಂ) ಲಾಗ್, ಅಂದ್ರೆ ಅದು ಬರೆದಿಡುವ ದಾಖಲೆ, ತೆಗೆದೆ. ‘ಅನ್‌ಸೇಫ್ ಲೆಗಸಿ ರೀನೆಗೋಷಿಯೇಷನ್ ಡಿಸೇಬಲ್ಡ್’ ಅಂತ ಒಂದು ಸಾಲು ಸಿಕ್ಕಿತು. ಅಂದ್ರೆ, ಕನೆಕ್ಷನ್‌ನ ಭದ್ರತೆಯನ್ನು ಮಧ್ಯದಲ್ಲಿ ಮತ್ತೆ ಮಾತಾಡಿಕೊಳ್ಳುವ ಹಳೇ, ಅಸುರಕ್ಷಿತ ಪದ್ಧತಿ ಬಂದ್ ಆಗಿದೆ ಅಂತ. 22.04ರ ಜೊತೆ ಬರುವ ಓಪನ್‌ಎಸ್‌ಎಸ್‌ಎಲ್ 3 (ಕನೆಕ್ಷನ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರ್) ತಾನಾಗಿ ಆ ಹಳೇ ಪದ್ಧತಿಯನ್ನು ಒಪ್ಪುವುದಿಲ್ಲ. ವೈಫೈ ಲಾಗಿನ್ ಪರಿಶೀಲಿಸುವ ಇಲ್ಲಿನ ರೇಡಿಯಸ್ ಸರ್ವರ್‌ಗೋ ಅದು ಬಿಟ್ಟು ಬೇರೆ ಗೊತ್ತಿಲ್ಲ.

ಓಪನ್‌ಎಸ್‌ಎಸ್‌ಎಲ್ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲಿನ ಒಂದು ಕಾಪಿ ಮಾಡಿ, ಅದರಲ್ಲಿ ‘ಅನ್‌ಸೇಫ್ ಲೆಗಸಿ ರೀನೆಗೋಷಿಯೇಷನ್’ ಆಪ್ಷನ್ ಸೇರಿಸಿದೆ. ಸಪ್ಲಿಕಂಟ್ ಸರ್ವಿಸ್ ಮಾತ್ರ ಆ ಕಾಪಿ ಓದುವ ಹಾಗೆ ಮಾಡಿದೆ. ಇಡೀ ಲ್ಯಾಪ್‌ಟಾಪ್‌ಗೆ ಆ ಬಾಗಿಲು ತೆಗೆದಿಡಲು ಮನಸ್ಸು ಬರಲಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿದ ತಕ್ಷಣ ಕನೆಕ್ಟ್ ಆಯ್ತು. ಸರ್ವರ್ ಅಪ್‌ಡೇಟ್ ಮಾಡಿ ಅಂತ ಕಾಲೇಜಿಗೆ ಮೇಲ್ ಹಾಕಿದ್ದೇನೆ. ಇನ್ನೂ ಉತ್ತರ ಇಲ್ಲ.