ಮುಂಜಾನೆ ಮಾತ್ರ ಒಡೆಯುವ ಚಿತ್ರ: ಎಂಟನೆಯ ಆಂಪ್ಲಿಫೈಯರ್ ಬದಲಿಸಬೇಕೇ?

ಶ್ರೀನಗರದ ಕೇಬಲ್‌ನವನು:
ನೋಡ್‌ನಿಂದ (ಫೈಬರ್ ಮುಗಿದು ಟಿವಿ ಕೇಬಲ್ ಶುರುವಾಗುವ ಪೆಟ್ಟಿಗೆ) ಹೊರಟ ಒಂದೇ ಸಾಲಿನಲ್ಲಿ, ಸಿಗ್ನಲ್ ಹೆಚ್ಚಿಸುವ ನನ್ನ ಎಂಟು ಆಂಪ್ಲಿಫೈಯರ್‌ಗಳು ಒಂದರ ಹಿಂದೆ ಒಂದಿವೆ. ಡಿಸೆಂಬರ್ ಹಿಡಿದಾಗಿನಿಂದ ಕೊನೆಯ ಮನೆಯ ಅಜ್ಜಿಯ ಬೈಗುಳ ತಪ್ಪಿಲ್ಲ. ಬೆಳಗಿನ ಐದೂವರೆಗೆ ಸುಪ್ರಭಾತ ಹಾಕಿದರೆ ತಿಮ್ಮಪ್ಪನ ಮುಖ ಚೌಕ ಚೌಕವಾಗಿ ಒಡೆಯುತ್ತದಂತೆ. ಹತ್ತು ಗಂಟೆಗೆ ನಾನು ಮೀಟರ್ ಹಿಡಿದು ಹೋದರೆ ಚಿತ್ರ ಕನ್ನಡಿಯ ಹಾಗಿರುತ್ತದೆ, ಸುಳ್ಳುಗಾರ ನಾನಾಗುತ್ತೇನೆ. ಸಿಗ್ನಲ್ ಸಾಲದೇನೋ ಎಂದು ಆರು, ಏಳು, ಎಂಟನೆಯವುಗಳ ಗೇನನ್ನು, ಎಂದರೆ ಸಿಗ್ನಲ್ ಹೆಚ್ಚಿಸುವ ಪ್ರಮಾಣವನ್ನು, ಒಂದೊಂದು ಡಿಬಿ (ಡೆಸಿಬೆಲ್) ಏರಿಸಿದೆ. ಈಗ ಎಂಟು ಗಂಟೆಯವರೆಗೂ ಒಡೆಯುತ್ತಿದೆ. ಎಂಟನೆಯದನ್ನು ಬದಲಿಸಲೇ?

ಚಾಮರಾಜಪೇಟೆಯ ಹಳೆಯ ಲೈನ್‌ಮನ್:
ಬದಲಿಸಬೇಡಿ ಸ್ವಾಮಿ, ಇಳಿಸಿ. ಉತ್ತರ ಅಜ್ಜಿಯ ದೂರಿನಲ್ಲೇ ಇದೆ. ಸಿಗ್ನಲ್ ಸಾಲದಿದ್ದರೆ ಚಿತ್ರ ಮಧ್ಯಾಹ್ನ ಒಡೆಯಬೇಕಿತ್ತು. ಕೇಬಲ್ ಕಾದಷ್ಟೂ ಹೆಚ್ಚು ಸಿಗ್ನಲ್ ನುಂಗುತ್ತದೆ, ಡಿಗ್ರಿಗೆ ಸುಮಾರು ಶೇಕಡಾ 0.2ರಷ್ಟು. ಒಂದೊಂದು ಆಂಪ್ಲಿಫೈಯರ್‌ ಮುಂಚಿನ ಕೇಬಲ್‌ನಲ್ಲಿ 18 ಡಿಬಿ ನಷ್ಟವೆಂದರೂ ಎಂಟಕ್ಕೆ 144. ಮಧ್ಯಾಹ್ನ 27 ಡಿಗ್ರಿ, ಮುಂಜಾನೆ 15. ಏಜಿಸಿ (ಗೇನನ್ನು ತಾನಾಗಿಯೇ ಹೊಂದಿಸುವ ವ್ಯವಸ್ಥೆ) ಇಲ್ಲದ ಸಾಲಿನಲ್ಲಿ ಆ ಹನ್ನೆರಡು ಡಿಗ್ರಿ ಚಳಿಗೇ ಕೊನೆಯದರಲ್ಲಿ ಹತ್ತಿರ ಹತ್ತಿರ ಮೂರೂವರೆ ಡಿಬಿ ಏರುತ್ತದೆ. ಅದರ ಮೇಲೆ ನೀವು ಸುರಿದದ್ದು ಇನ್ನೂ ಮೂರು.

ಔಟ್‌ಪುಟ್ ಒಂದು ಡಿಬಿ ಏರಿದರೆ ಡಿಸ್ಟಾರ್ಷನ್ (ಆಂಪ್ಲಿಫೈಯರ್‌ಗೆ ಭಾರ ಹೆಚ್ಚಾಗಿ ಸಿಗ್ನಲ್ ತಿರುಚಿಕೊಳ್ಳುವುದು) ಲೆಕ್ಕದಲ್ಲಿ ಎರಡು ಡಿಬಿ ಕೆಡುತ್ತದೆ. ಆಂಪ್ಲಿಫೈಯರ್‌ಗಳ ಸಂಖ್ಯೆ ಇಮ್ಮಡಿಯಾದರೆ ನಾಯ್ಸ್‌ನಿಂದ (ಸಿಗ್ನಲ್ ಜೊತೆ ಸೇರುವ ಗದ್ದಲ) ಹೋಗುವುದು 3 ಡಿಬಿ, ಡಿಸ್ಟಾರ್ಷನ್‌ನಿಂದ 6. ಎಂಟು ಎಂದರೆ ಮೂರು ಸಲ ಇಮ್ಮಡಿ, ಹಾಗಾಗಿ 9 ಮತ್ತು 18!

2013ರ ಮಾರ್ಚ್ ಗಡುವಿಗೆ ಬೆಂಗಳೂರು ಡಿಜಿಟಲ್ ಆಗುವ ಮುಂಚೆ ಇದನ್ನು ಕಣ್ಣಲ್ಲೇ ಹೇಳುತ್ತಿದ್ದೆವು. ನಾಯ್ಸ್ ಆದರೆ ಪರದೆಯ ತುಂಬ ಎಳ್ಳು ಚೆಲ್ಲಿದ ಹಾಗೆ, ಡಿಸ್ಟಾರ್ಷನ್ ಆದರೆ ಓರೆ ಗೆರೆ. ಈಗ ಎರಡಕ್ಕೂ ಅದೇ ಚೌಕ. ಆರನೆಯದರ ಇನ್‌ಪುಟ್‌ಗೆ 3 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಬಿಲ್ಲೆ) ಹಾಕಿ ಕೊನೆಯಲ್ಲಿ ಎಂಇಆರ್ (ಡಿಜಿಟಲ್ ಸಿಗ್ನಲ್ ಎಷ್ಟು ಶುದ್ಧ ಎಂಬ ಅಳತೆ) ನೋಡಿ. ಏರಿದರೆ ಡಿಸ್ಟಾರ್ಷನ್, ಇಳಿದರೆ ನಾಯ್ಸ್. ಬರೀ ಸಿಗ್ನಲ್‌ನ ಬಲ ತೋರಿಸುವ ಲೆವೆಲ್ ಅನ್ನು ನಂಬಬೇಡಿ. ಮತ್ತೆ, ಹತ್ತು ಗಂಟೆಗಲ್ಲ, ಐದೂವರೆಗೆ ಹೋಗಿ.

ಕತ್ರಿಗುಪ್ಪೆ:
ಕನೆಕ್ಟರ್ ನೋಡಿದಿರಾ? ನಮ್ಮಲ್ಲಿ ಇಬ್ಬನಿ ಇಳಿದು ಒಂದು ಟ್ಯಾಪ್ (ಮನೆಗಳಿಗೆ ಸಿಗ್ನಲ್ ಕವಲೊಡೆಯುವ ಡಬ್ಬಿ) ಹಸಿರುಗಟ್ಟಿ ಇದೇ ಆಟ ಆಡಿತ್ತು.

ಹಳೆಯ ಲೈನ್‌ಮನ್:
ಇರಬಹುದು. ಆದರೆ ಹಸಿರುಗಟ್ಟಿದ ಟ್ಯಾಪ್ ಗೇನ್ ಏರಿಸಿದ ದಿನವೇ ಕೆಡುವುದಿಲ್ಲವಲ್ಲ.

ಶ್ರೀನಗರದ ಕೇಬಲ್‌ನವನು:
ಇಂದು ಮಫ್ಲರ್ ಸುತ್ತಿಕೊಂಡು ಐದಕ್ಕೇ ಹೋದೆ. ಅಜ್ಜಿಯ ಮನೆಯಲ್ಲಿ ಎಂಇಆರ್ 23. ಏರಿಸಿದ್ದನ್ನು ಇಳಿಸಿದೆ, 27 ಆಯಿತು. ಅಟೆನ್ಯುಯೇಟರ್ ಹಾಕಿದೆ, 31. ಲೆವೆಲ್ ತಗ್ಗಿದೆ, ತಿಮ್ಮಪ್ಪ ನೆಟ್ಟಗಿದ್ದಾನೆ. ಕನೆಕ್ಟರ್‌ಗಳನ್ನೂ ಬಿಚ್ಚಿ ನೋಡಿದೆ, ಒಣಗಿವೆ.

ಹಾಗೇ ಹಿಂದಕ್ಕೆ ನೋಡುತ್ತ ಬಂದೆ. ಎರಡನೆಯ ಆಂಪ್ಲಿಫೈಯರ್‌ನಲ್ಲಿ ಈಕ್ವಲೈಸರ್ (ಕೇಬಲ್ ಕಡಿಮೆ ನುಂಗುವ ಕೆಳ ಫ್ರೀಕ್ವೆನ್ಸಿಗಳನ್ನು ತಗ್ಗಿಸಿ ಎಲ್ಲ ಚಾನೆಲ್ ಸಮ ಮಾಡುವ ಬಿಲ್ಲೆ) ಕೂರುವ ಜಾಗದಲ್ಲಿ ಬರೀ ತಂತಿಯ ತುಂಡಿದೆ! ಯಾರು, ಯಾವಾಗ ಹಾಕಿದರೋ. ಕೆಳ ಫ್ರೀಕ್ವೆನ್ಸಿಯ ಚಾನೆಲ್‌ಗಳು ಅಲ್ಲಿಂದಲೇ 6 ಡಿಬಿ ಮೇಲೆ ಓಡುತ್ತಿವೆ.

ಹಳೆಯ ಲೈನ್‌ಮನ್:
ಹಾಗಾದರೆ ಅಟೆನ್ಯುಯೇಟರ್ ಬರೀ ತೇಪೆ. ಎರಡನೆಯದಕ್ಕೆ ಈಕ್ವಲೈಸರ್ ಹಾಕಿ, ಅಲ್ಲಿಂದ ಮುಂದೆ ಒಂದೊಂದನ್ನೂ ಮತ್ತೆ ಹೊಂದಿಸಿ. ಎಂಟನೆಯದನ್ನು ಕೊನೆಗೆ ಮುಟ್ಟಿ.