ಮಾಸ್ಕೋದಲ್ಲಿ ದಮಿಲಾನೊ ಗೆದ್ದದ್ದು ಅದೃಷ್ಟದಿಂದಲೇ?

ತೀರ್ಥಹಳ್ಳಿ ಪಿ.ಇ. ಮೇಷ್ಟ್ರು:
ನಡಿಗೆ ಸ್ಪರ್ಧೆಗೆ ತಯಾರಾಗುತ್ತಿರುವ ನಮ್ಮ ಶಾಲೆಯ ಮಕ್ಕಳಿಗೆ ಇಟಲಿಯ ಮೌರಿತ್ಸಿಯೊ ದಮಿಲಾನೊ ಅವರ ವಿಚಾರ ಹೇಳುತ್ತಿದ್ದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಮುಂದಿದ್ದ ಮೆಕ್ಸಿಕೊದ ಡೇನಿಯಲ್ ಬಾಟಿಸ್ಟಾ ಅವರನ್ನೂ, ಆಮೇಲೆ ಸೋವಿಯತ್ ಒಕ್ಕೂಟದ ಅನಾತೊಲಿ ಸೊಲೊಮಿನ್ ಅವರನ್ನೂ ಕೊನೆಯ ಹಂತದಲ್ಲಿ ತೀರ್ಪುಗಾರರು ಹೊರಗಿಟ್ಟ ಮೇಲೆ ಇವರು ಗೆದ್ದರು ಎಂದಾಗ, ‘ಹಾಗಾದ್ರೆ ಅದು ಪುಕ್ಕಟೆ ಚಿನ್ನ ಅಲ್ವಾ ಸಾರ್?’ ಎಂದು ಒಬ್ಬ ಹುಡುಗ ಕೇಳಿಬಿಟ್ಟ. ಅವನಿಗೆ ಏನು ಹೇಳಲಿ? ದಮಿಲಾನೊ ಅವರ ಹಳೆಯ ವಿಡಿಯೊ ತೋರಿಸಿ ಅಭ್ಯಾಸ ಮಾಡಿಸಬಹುದೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ತುಂಗಾತೀರ, ಶಿವಮೊಗ್ಗ:
ಮೇಷ್ಟ್ರೇ, ಹುಡುಗನ ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅವನು ಒಂದೇ ದಿನವನ್ನು ನೋಡುತ್ತಿದ್ದಾನೆ. ನಡಿಗೆಯಲ್ಲಿ ವೇಗವೆಷ್ಟು ಮುಖ್ಯವೋ, ದಣಿದ ಮೇಲೂ ನಿಯಮ ಮೀರದಂತೆ ಕಾಲಿಡುವುದು ಅಷ್ಟೇ ಮುಖ್ಯ. ಬಾಟಿಸ್ಟಾ ಹಿಂದಿನ ಒಲಿಂಪಿಕ್ಸ್‌ನ ಚಾಂಪಿಯನ್ ಆಗಿದ್ದರೂ ಅಂದು ಅವರಿಗೆ ಅದು ಸಾಧ್ಯವಾಗಲಿಲ್ಲ, ದಮಿಲಾನೊ ಅವರಿಗೆ ಸಾಧ್ಯವಾಯಿತು. ಅವರ ಸಮಯ 1 ಗಂಟೆ 23 ನಿಮಿಷ 35.5 ಸೆಕೆಂಡು. ಮುಂದೆ 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್‌ಗಳಲ್ಲಿ ಕಂಚು, 1987ರಲ್ಲಿ ತಮ್ಮದೇ ನೆಲದ ರೋಮ್‌ನಲ್ಲಿ ಮತ್ತು 1991ರಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಹನ್ನೊಂದು ವರ್ಷ ಯಾರ ಅದೃಷ್ಟವೂ ಹೀಗೆ ಕಾಯುತ್ತ ಕೂರುವುದಿಲ್ಲ. ಅಂದಹಾಗೆ ಅವರಿಗೆ ತರಬೇತಿ ಕೊಟ್ಟವರು ಅಣ್ಣ ಸಾಂಡ್ರೊ. ಅವಳಿ ಸೋದರ ಜಾರ್ಜಿಯೊ ಮಾಸ್ಕೋದ ಅದೇ ಸ್ಪರ್ಧೆಯಲ್ಲಿ ನಡೆದು 11ನೆಯವರಾದರು.

ಘಟ್ಟದ ನಡಿಗೆ:
ಅದೃಷ್ಟ ಸ್ವಲ್ಪವೂ ಇರಲಿಲ್ಲವೆಂದು ನಾನಂತೂ ಹೇಳಲಾರೆ; ಆದರೆ ಆ ಅದೃಷ್ಟ ಕೈಗೆಟುಕುವಷ್ಟು ಹತ್ತಿರದಲ್ಲಿ ಅವರು ನಡೆಯುತ್ತಿದ್ದರು ಎಂಬುದನ್ನು ಹುಡುಗನಿಗೆ ಹೇಳಿ.

ವಿಡಿಯೊ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆ ಕಾಲದಲ್ಲಿ ಊರಿದ ಕಾಲು ದೇಹದ ನೇರ ಕೆಳಗೆ ಬಂದಾಗ ಮಂಡಿ ಒಂದು ಕ್ಷಣ ನೆಟ್ಟಗಾದರೆ ಸಾಕಿತ್ತು. 1990ರ ದಶಕದ ಮಧ್ಯಭಾಗದಲ್ಲಿ ನಿಯಮ ಬಿಗಿಯಾಯಿತು: ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಕಾಲು ನೇರ ಕೆಳಗೆ ಬರುವವರೆಗೂ ಮಂಡಿ ಮಡಚಬಾರದು. ಆದ್ದರಿಂದ ಸೊಂಟದ ತಿರುವು ಮತ್ತು ತೋಳಿನ ಬೀಸನ್ನು ಹಳೆಯ ವಿಡಿಯೊದಲ್ಲಿ ತೋರಿಸಿ, ಮಂಡಿಯನ್ನು ಈಗಿನವರಲ್ಲಿ, ಅಂದರೆ ಟೋಕಿಯೊ ಒಲಿಂಪಿಕ್ಸ್‌ನ 20 ಕಿ.ಮೀ. ಚಿನ್ನ ಗೆದ್ದ ಇಟಲಿಯ ಮಾಸ್ಸಿಮೊ ಸ್ತಾನೊ, ಅಂತೊನೆಲ್ಲಾ ಪಾಲ್ಮಿಸಾನೊ ಅವರಲ್ಲಿ ತೋರಿಸಿ.

ತೀರ್ಥಹಳ್ಳಿ ಪಿ.ಇ. ಮೇಷ್ಟ್ರು:
ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ರಸ್ತೆಯೆಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಅಲ್ಲಿಯೇ ನಡೆಸಬಹುದೇ?

ಘಟ್ಟದ ನಡಿಗೆ:
ದಮ್ಮು ಬೆಳೆಸಲು ಏರು ಒಳ್ಳೆಯದು, ಶೈಲಿ ಕಲಿಸಲು ಬೇಡ. ಏರಿನಲ್ಲಿ ಮಂಡಿ ತಾನಾಗಿ ಮಡಚುತ್ತದೆ. ಇಳಿಜಾರಿನಲ್ಲಿ ಎರಡೂ ಪಾದ ಒಟ್ಟಿಗೆ ನೆಲ ಬಿಡುತ್ತವೆ, ಅದು ಬರಿಗಣ್ಣಿಗೆ ಕಂಡರೆ ತೀರ್ಪುಗಾರರು ಬಿಡುವುದಿಲ್ಲ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ರಸ್ತೆಯಂತೂ ಬೇಡವೇ ಬೇಡ. ಶಾಲೆಯ ಮೈದಾನದಲ್ಲಿ ಸುಣ್ಣದ ಒಂದು ಗೆರೆ ಎಳೆದು, ಅದರ ಮೇಲೆಯೇ ಹಿಮ್ಮಡಿ ಬೀಳುವಂತೆ ನಿಧಾನವಾಗಿ ನಡೆಸಿ, ನೀವು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಂಡಿಯನ್ನಷ್ಟೇ ನೋಡಿ. ವೇಗ ಆಮೇಲೆ ಕೊಡಬಹುದು.