ಆರೋಗ್ಯ ಸಂಶೋಧನೆಗೆ ಆನ್‌ಲೈನ್ ತರಬೇತಿ: ಯಾವುದು ತಗೊಳ್ಳಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜು ಟೀಚರ್ ನಾನು. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ ಅಧ್ಯಯನ ಮಾಡಬೇಕು ಅಂತ ತುಂಬಾ ಆಸೆ. ಹಗಲೆಲ್ಲ ವಾರ್ಡು, ಪಾಠ. ರಾತ್ರಿ ಮಾತ್ರ ಬಿಡುವು. ಒಂದು ವರ್ಕ್‌ಶಾಪ್‌ಗೆ ಸೇರಿದ್ದೆ, ಬರೀ ಸ್ಲೈಡ್ ಓದಿ ಮುಗಿಸಿದರು. ನಿಜವಾಗಿ ಕಲಿಸುವಂಥದ್ದು ಇದೆಯಾ?

ಉತ್ತರ 1: ಮೇಡಂ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಡಿಯ ಚೆನ್ನೈನ ಸಂಸ್ಥೆ ಎನ್‌ಐಇ ನಡೆಸುವ ‘ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್’ ಆನ್‌ಲೈನ್ ಕೋರ್ಸ್ ನೋಡಿ. ವೀಡಿಯೊ ಪಾಠ, ರಾತ್ರಿ ಆರಾಮಾಗಿ ನೋಡಬಹುದು.

ಉತ್ತರ 2: ಕೋರ್ಸ್ ಸರಿ. ಆದರೆ ನಿಮ್ಮ ವಿಷಯಕ್ಕೆ ಎಥಿಕ್ಸ್ (ಸಂಶೋಧನೆಯ ನೈತಿಕ ನಿಯಮಗಳ) ಪಾಠ ಎಲ್ಲಕ್ಕಿಂತ ಮುಖ್ಯ ಅಲ್ವಾ? ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿ. ಎಥಿಕ್ಸ್ ಕಮಿಟಿ ಒಪ್ಪದೆ ಒಬ್ಬರ ರಕ್ತವನ್ನೂ ತೆಗೆಯುವಂತಿಲ್ಲ. ಫ್ಯಾಕ್ಟರಿ ಮ್ಯಾನೇಜರ್ ಹೂಂ ಅಂದರೆ ಸಾಲದು, ಪ್ರತಿಯೊಬ್ಬ ಹೆಣ್ಣುಮಗಳೂ ಸ್ವತಃ ಒಪ್ಪಬೇಕು. ಸೂಪರ್‌ವೈಸರ್ ಎದುರು ನಿಂತಿದ್ದರೆ ಯಾರು ತಾನೇ ಬೇಡ ಅಂತಾರೆ? ಅವರಿಲ್ಲದ ಕಡೆ ಕೇಳಿ. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಅಲ್ಲಿ ಹಿಂದಿ, ಒಡಿಯಾ ಮಾತಾಡುವವರೂ ಇರುತ್ತಾರೆ. ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಬಂದವರನ್ನು, ಅಂದರೆ ರಕ್ತಹೀನತೆ ಇರುವವರನ್ನು, ಎಲ್ಲಿಗೆ ಕಳಿಸುತ್ತೀರಿ ಅಂತಲೂ ಮೊದಲೇ ಬರೆದಿಡಿ. ಸುಮ್ನೆ ಅಳೆದು ಬರುವುದು ನನಗೆ ಸರಿ ಅನಿಸಲ್ಲ.

ಮುಂದೆ ಯಾವುದೇ ವರ್ಕ್‌ಶಾಪ್‌ಗೆ ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ನನ್ನ ಪ್ರೋಟೊಕಾಲ್ (ಅಧ್ಯಯನದ ಲಿಖಿತ ಯೋಜನೆ) ಓದಿ ತಿದ್ದುತ್ತೀರಾ?

ಉತ್ತರ 3: ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನರನ್ನು ಪರೀಕ್ಷಿಸಬೇಕು ಅನ್ನೋ ಲೆಕ್ಕಕ್ಕೆ ಓಪನ್‌ಎಪಿ ಅನ್ನೋ ವೆಬ್‌ಸೈಟ್ ಉಚಿತ. ಡೇಟಾ ವಿಶ್ಲೇಷಣೆಗೆ ‘ಆರ್’ ಅನ್ನೋ ಸಾಫ್ಟ್‌ವೇರ್ ಕಲಿಯಿರಿ, ಅದಕ್ಕೂ ದುಡ್ಡಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಒಪ್ಪಿಗೆ ಪತ್ರದ ಕನ್ನಡ ಕರಡು ಈ ವಾರವೇ ಹಾಕುತ್ತೇನೆ, ತಿದ್ದಿಕೊಡಿ.